ಕೂಪರ್ಸ್ ಡಬ್ಬಿ ಇರಲಿ, ಸಕ್ಕರೆ ಪೆಟ್ಟಿಗೆ ಬೇಡ: ಪಾರ್ಷಿಯಲ್ ಮ್ಯಾಶ್ ಸಾಮಾನುಗಳ ವಿಮರ್ಶೆ

ಆಸ್ಟ್ರೇಲಿಯಾದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ಹೊರಟವರಲ್ಲಿ ಬಹುಪಾಲು ಜನ ಶುರು ಮಾಡುವುದು ಕೂಪರ್ಸ್‌ನ 1.7 ಕಿಲೋ ಡಬ್ಬಿಯಿಂದ. ಅಡಿಲೇಡ್‌ನಲ್ಲಿ 1862ರಿಂದ ಬಿಯರ್ ಮಾಡುತ್ತಾ ಬಂದಿರುವ ಕುಟುಂಬದ ಕಂಪನಿ ಇದು. ಡಬ್ಬಿಯೊಳಗೆ ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಕಾಳಿನ) ರಸವನ್ನು ಜೋನಿಬೆಲ್ಲದ ಹದಕ್ಕೆ ಇಂಗಿಸಿದ ಪಾಕ ಇರುತ್ತದೆ. ಹಾಪ್ಸ್ ಎಂಬ ಹೂವಿನ ಕಹಿಯೂ ಅದರಲ್ಲೇ ಸೇರಿದೆ. ಪ್ಲಾಸ್ಟಿಕ್ ಮುಚ್ಚಳದಡಿ 7 ಗ್ರಾಂ ಯೀಸ್ಟ್. ಬಿಸಿನೀರಿನಲ್ಲಿ ಪಾಕ ಕದಡಿ, ಒಂದು ಕಿಲೋ ಸಕ್ಕರೆ ಸುರಿದು, ತಣ್ಣೀರು ಸೇರಿಸಿ 23 ಲೀಟರ್ ಮಾಡಿ, ಯೀಸ್ಟ್ ಉದುರಿಸಿದರೆ ಆಯಿತು.

ಹೀಗೆ ಮಾಡಿದ ಬಿಯರ್ ಕುಡಿಯಲು ಅಡ್ಡಿಯಿಲ್ಲ. ಆದರೆ ತೆಳುವಾಗಿರುತ್ತದೆ, ನೊರೆ ನಿಲ್ಲುವುದಿಲ್ಲ, ಕೊನೆಯಲ್ಲಿ ಸೇಬಿನ ಸೈಡರ್‌ನಂಥ ಹುಳಿ ಛಾಯೆ ಉಳಿಯುತ್ತದೆ. ಜನ ಡಬ್ಬಿಯನ್ನು ಬಯ್ಯುತ್ತಾರೆ. ಬಯ್ಯಬೇಕಾದದ್ದು ಅದರ ಜೊತೆಗೆ ಕೊಂಡ ಸಕ್ಕರೆ ಪೆಟ್ಟಿಗೆಯನ್ನು. ಕೂಪರ್ಸ್‌ನ ಅಂಥ ಪೆಟ್ಟಿಗೆಯಾದ ಬ್ರೂ ಎನ್‌ಹ್ಯಾನ್ಸರ್ 1 ಅಂದರೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ಮತ್ತು ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ಪುಡಿ, ಅಷ್ಟೇ. 2ನೇ ನಂಬರಿನದರಲ್ಲಿ ಸ್ವಲ್ಪ ಒಣ ಮಾಲ್ಟ್ ಪುಡಿಯೂ ಇರುವುದರಿಂದ ಅದು ತಕ್ಕಮಟ್ಟಿಗೆ ವಾಸಿ. ಡೆಕ್ಸ್‌ಟ್ರೋಸನ್ನು ಯೀಸ್ಟ್ ಪೂರ್ತಿ ತಿಂದು ಆಲ್ಕೋಹಾಲ್ ಮಾಡುತ್ತದೆ. ಬಾಯಿಗೆ ಹತ್ತುವಂಥದ್ದು ಏನೂ ಉಳಿಯುವುದಿಲ್ಲ. ಪಾರ್ಷಿಯಲ್ ಮ್ಯಾಶ್ ಎಂದರೆ ಇಷ್ಟೇ: ಡಬ್ಬಿಯನ್ನು ಹಾಗೇ ಇಟ್ಟುಕೊಂಡು, ಆ ಒಂದು ಕಿಲೋ ಸಕ್ಕರೆಯ ಜಾಗಕ್ಕೆ ಎರಡು ಕಿಲೋ ಮಾಲ್ಟ್ ಕಾಳಿನಿಂದ ನಾವೇ ತೆಗೆದ ರಸವನ್ನು ಹಾಕುವುದು. ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಅದರ ಪಿಷ್ಟವನ್ನು ಸಕ್ಕರೆ ಮಾಡುವ ಕೆಲಸಕ್ಕೆ ಮ್ಯಾಶ್ ಎನ್ನುತ್ತಾರೆ, ಬರುವ ರಸಕ್ಕೆ ವರ್ಟ್.

ಲೆಕ್ಕ ನೋಡಿ. ಡಬ್ಬಿ ಮತ್ತು ಒಂದು ಕಿಲೋ ಡೆಕ್ಸ್‌ಟ್ರೋಸ್ ಸೇರಿ 23 ಲೀಟರ್‌ನಲ್ಲಿ ಸುಮಾರು 1.037 ಸಾಂದ್ರತೆ ಕೊಡುತ್ತವೆ (ಬರೀ ನೀರು 1.000; ಸಕ್ಕರೆ ಹೆಚ್ಚಿದಂತೆ ಅಂಕಿ ಏರುತ್ತದೆ). ಡಬ್ಬಿಯ ಜೊತೆ ಎರಡು ಕಿಲೋ ಪೇಲ್ ಮಾಲ್ಟ್ ಬಳಸಿ, ಕಾಳಿನ ಸತ್ವದಲ್ಲಿ ಶೇ. 70ರಷ್ಟನ್ನು ಹಿಂಡಿಕೊಂಡರೆ 23 ಲೀಟರ್‌ಗೆ 1.040, 21 ಲೀಟರ್‌ಗೇ ನಿಲ್ಲಿಸಿದರೆ 1.044. 21ಕ್ಕೆ ನಿಲ್ಲಿಸುವುದೇ ಒಳ್ಳೆಯದು. ಎರಡು ಲೀಟರ್ ಕಡಿಮೆಯಾದರೂ ಗ್ಲಾಸಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಡಬ್ಬಿ ಕೊಳ್ಳುವಾಗ ತಯಾರಿಯ ಹೆಸರಿಗಿಂತ ಮೊದಲು ದಿನಾಂಕ ನೋಡಿ. ದ್ರವ ಮಾಲ್ಟ್ ಹಳೆಯದಾದಂತೆ ಡಬ್ಬಿಯೊಳಗೇ ಕಪ್ಪಾಗುತ್ತದೆ, ಶಾಯಿಯಂಥ ಒಂದು ಒಗರು ಬರುತ್ತದೆ. ಕಿಟ್ ಬಿಯರ್‌ಗೆ ಇರುವ ಕೆಟ್ಟ ಹೆಸರಿನಲ್ಲಿ ಒಂದು ಪಾಲು ಇದರದ್ದು. ರಿಯಾಯಿತಿ ದರದಲ್ಲಿ ಮೂಲೆಯಲ್ಲಿ ಪೇರಿಸಿಟ್ಟ ಡಬ್ಬಿಗಳು ಲಾಭವೇನಲ್ಲ. ಮೊದಲ ಸಲಕ್ಕೆ ಆಸ್ಟ್ರೇಲಿಯನ್ ಪೇಲ್ ಏಲ್ ಅಥವಾ ರಿಯಲ್ ಏಲ್ ತೆಗೆದುಕೊಳ್ಳಿ. ಲಾಗರ್ ಡಬ್ಬಿ ತೀರಾ ಸಪ್ಪೆ ಇರುವುದರಿಂದ ಕಾಳಿನ ಸಣ್ಣಪುಟ್ಟ ತಪ್ಪೂ ಅದರಲ್ಲಿ ಬಯಲಾಗುತ್ತದೆ.

ಇನ್ನು ಪಾತ್ರೆ. 19 ಲೀಟರ್‌ನ ಸಾದಾ ಸ್ಟೀಲ್ ಪಾತ್ರೆ ಸಾಕು. ಎರಡು ಕಿಲೋ ಕಾಳಿಗೆ ಇದು ದೊಡ್ಡದಾಯಿತು ಅನ್ನಿಸಬಹುದು, ಆದರೆ ಎಂಟು ಲೀಟರ್ ವರ್ಟ್ ಕುದಿಯಲು ಶುರುವಾದಾಗ ನೊರೆ ಹಾಲಿನಂತೆ ಉಕ್ಕಿ ಬರುತ್ತದೆ. ಹತ್ತು ಲೀಟರ್ ಪಾತ್ರೆಯಾದರೆ ಒಲೆಯೆಲ್ಲ ಅಂಟು. ತಳ ಮೂರು ಪದರದ್ದಾಗಿದ್ದರೆ ಒಳ್ಳೆಯದು, ತೆಳು ತಳದ್ದಾದರೆ ಮಾಲ್ಟ್ ಸೀಯುತ್ತದೆ. ಚೀಲಕ್ಕೆ ಪರದೆ ಬಟ್ಟೆ ಅಂಗಡಿಯ ಪಾಲಿಯೆಸ್ಟರ್ ವಾಯ್ಲ್ ಅತ್ಯುತ್ತಮ. ಮಸ್ಲಿನ್ ಬಟ್ಟೆ ಬೇಡ. ಹಿಗ್ಗುತ್ತದೆ, ತೊಳೆದಷ್ಟೂ ವಾಸನೆ ಹಿಡಿದುಕೊಂಡಿರುತ್ತದೆ. ಹೊಲಿಸುವುದಾದರೆ ಪಾತ್ರೆಯ ಬಾಯಿಗಿಂತ ಅಗಲವಾಗಿ, ಅಂಚನ್ನು ಹೊರಗೆ ಮಡಚಿ ಹಿಡಿಸುವಷ್ಟು ಉದ್ದವಾಗಿ ಹೊಲಿಸಿ. ಸಿದ್ಧ ಚೀಲಗಳೂ ಸಿಗುತ್ತವೆ. ಬೆಲೆ ಜಾಸ್ತಿ, ಗುಣ ಅಷ್ಟೇ.

ಹಣ ಹಾಕಬೇಕಾದ ಜಾಗ ಥರ್ಮಾಮೀಟರ್. ಈ ಇಡೀ ಪದ್ಧತಿಯಲ್ಲಿ ಎರಡು ಡಿಗ್ರಿ ಆಚೀಚೆಯಾದರೆ ಬೇರೆಯೇ ಬಿಯರ್ ಆಗುತ್ತದೆ. ಫರ್ಮೆಂಟರ್‌ಗೆ (ಬಿಯರ್ ಹುದುಗುವ ಡ್ರಮ್ಮಿಗೆ) ಅಂಟಿಸುವ ತಾಪದ ಪಟ್ಟಿ ಮ್ಯಾಶ್‌ಗೆ ಉಪಯೋಗವಿಲ್ಲ. ಡಿಜಿಟಲ್ ಕಡ್ಡಿ ಥರ್ಮಾಮೀಟರ್ ತಂದು, ಕರಗುತ್ತಿರುವ ಐಸ್‌ನಲ್ಲಿ 0, ಕುದಿಯುವ ನೀರಿನಲ್ಲಿ 100 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ.

ಕಾಳಿನ ವಿಷಯದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಎಲ್ಲ ಮಾಲ್ಟೂ ಮ್ಯಾಶ್ ಆಗುವುದಿಲ್ಲ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಜೀವಂತವಾಗಿರುವುದು ಹದವಾದ ಶಾಖದಲ್ಲಿ ಒಣಗಿಸಿದ ಬೇಸ್ ಮಾಲ್ಟ್‌ನಲ್ಲಿ: ಜೋ ವೈಟ್ ಅಥವಾ ಬ್ಯಾರೆಟ್ ಬರ್ಸ್ಟನ್ ಕಂಪನಿಯ ಏಲ್ ಮಾಲ್ಟ್, ಇಂಗ್ಲೆಂಡಿನ ಮ್ಯಾರಿಸ್ ಆಟರ್ ತಳಿಯ ಮಾಲ್ಟ್, ಇಂಥವು. ಕ್ರಿಸ್ಟಲ್, ಚಾಕೊಲೇಟ್, ಹುರಿದ ಬಾರ್ಲಿ ಇವುಗಳಲ್ಲಿ ಕಿಣ್ವ ಸತ್ತುಹೋಗಿರುತ್ತದೆ. ಬಣ್ಣ, ರುಚಿ ಕೊಡುತ್ತವೆ, ಬಿಸಿನೀರಿನಲ್ಲಿ ನೆನೆಸಿದರೂ ಸಾಕು. ಓಟ್ಸ್ ಅವಲಕ್ಕಿಯನ್ನು ಬೇಸ್ ಮಾಲ್ಟ್ ಇಲ್ಲದೆ ನೆನೆಸಿದರೆ ಬರುವುದು ಗಂಜಿ, ಸಕ್ಕರೆಯಲ್ಲ. ಪೇಲ್ ಏಲ್ ಡಬ್ಬಿಗೆ 1.8 ಕಿಲೋ ಏಲ್ ಮಾಲ್ಟ್ ಜೊತೆ 200 ಗ್ರಾಂ ಮಧ್ಯಮ ಕ್ರಿಸ್ಟಲ್ ಚೆನ್ನಾಗಿ ಹೊಂದುತ್ತದೆ.

ಕಾಳನ್ನು ಅಂಗಡಿಯಲ್ಲೇ ಒಡೆಸಿಕೊಂಡು ಬನ್ನಿ. ಮನೆಯಲ್ಲಿ ಮಿಕ್ಸಿ ಇದೆಯಲ್ಲ ಎಂದು ಅದಕ್ಕೆ ಹಾಕಬೇಡಿ. ಸರಿಯಾಗಿ ಒಡೆದ ಕಾಳಿನಲ್ಲಿ ಸಿಪ್ಪೆ ಹೆಚ್ಚುಕಮ್ಮಿ ಇಡಿಯಾಗಿರುತ್ತದೆ, ಒಳಗಿನ ತಿರುಳು ದಪ್ಪ ರವೆಯಷ್ಟಿರುತ್ತದೆ. ಮಿಕ್ಸಿ ಸಿಪ್ಪೆಯನ್ನೂ ಹಿಟ್ಟು ಮಾಡುತ್ತದೆ; ಚೀಲದ ಕಣ್ಣು ಕಟ್ಟಿ ನೀರು ಇಳಿಯುವುದಿಲ್ಲ, ಬಿಯರ್‌ಗೆ ಒಗರು ಸೇರುತ್ತದೆ. ತೀರಾ ದಪ್ಪಕ್ಕೆ ಒಡೆದಿದ್ದರೂ ತೊಂದರೆಯೇ: ಶೇ. 70 ಬರಬೇಕಾದಲ್ಲಿ 55 ಬರುತ್ತದೆ. ಒಡೆದ ಮೇಲೆ ಒಂದೆರಡು ವಾರದೊಳಗೆ ಬಳಸಿಬಿಡಿ.

ಆರು ಲೀಟರ್ ನೀರನ್ನು 72–73 ಡಿಗ್ರಿಗೆ ಕಾಯಿಸಿ. ಪಾತ್ರೆಯ ತಳದಲ್ಲಿ ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿ, ಇಲ್ಲವಾದರೆ ನಡುವೆ ಉರಿ ಹಚ್ಚಬೇಕಾಗಿ ಬಂದಾಗ ಚೀಲ ಸುಡುತ್ತದೆ. ಚೀಲ ಇಳಿಬಿಟ್ಟು, ಒಲೆ ಆರಿಸಿ, ಕಾಳನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಮುದ್ದೆ ಕೋಲಿನಂಥದ್ದರಿಂದ ಕಲಸಿ. ಗಂಟು ಉಳಿದರೆ ಅದರೊಳಗಿನ ಹಿಟ್ಟು ಒಣಗಿಯೇ ಇರುತ್ತದೆ, ಅಷ್ಟು ಸಕ್ಕರೆ ನಷ್ಟ. 20 ಡಿಗ್ರಿಯ ಕಾಳು ಸೇರಿದಾಗ ಒಟ್ಟು ತಾಪ 65–66ಕ್ಕೆ ಬಂದು ನಿಲ್ಲುತ್ತದೆ. ಮುಚ್ಚಿ, ಹಳೆ ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. ಅರ್ಧ ಗಂಟೆಗೊಮ್ಮೆ ನೋಡಿ. 63ಕ್ಕಿಂತ ಕೆಳಗಿಳಿದಿದ್ದರೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಏರಿಸಿ.

ಸಾಮಾನ್ಯವಾಗಿ ಮ್ಯಾಶ್‌ಗೆ 67 ಡಿಗ್ರಿ ಹೇಳುತ್ತಾರೆ. ಪಾರ್ಷಿಯಲ್ ಮ್ಯಾಶ್‌ನಲ್ಲಿ 65 ಮೇಲು, ಅದಕ್ಕೆ ಕಾರಣವಿದೆ. 62–65ರ ಹೊತ್ತಿಗೆ ಚುರುಕಾಗಿರುವ ಬೀಟಾ ಅಮೈಲೇಸ್ ಯೀಸ್ಟ್‌ಗೆ ಪೂರ್ತಿ ಜೀರ್ಣವಾಗುವ ಸಕ್ಕರೆ ಕೊಡುತ್ತದೆ. 68–70ರಲ್ಲಿ ಆಲ್ಫಾ ಅಮೈಲೇಸ್‌ನ ಕೈ ಮೇಲಾಗಿ, ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್ ಹೆಚ್ಚುತ್ತದೆ. ಡಬ್ಬಿಯ ಪಾಕ ಹೇಗೆ ಹುದುಗಬೇಕು ಎಂಬುದು ಕಾರ್ಖಾನೆಯಲ್ಲೇ ತೀರ್ಮಾನವಾಗಿಬಿಟ್ಟಿದೆ, ಅದು ಪೂರ್ತಿ ಹುದುಗದೆ ಒಂದಿಷ್ಟು ಸಿಹಿ ಉಳಿಸುತ್ತದೆ. ನಮ್ಮ ಕೈಯಲ್ಲಿರುವುದು ಕಾಳಿನ ಪಾಲು ಮಾತ್ರ. ಅದನ್ನೂ 69ರಲ್ಲಿ ಮ್ಯಾಶ್ ಮಾಡಿದರೆ ಬಿಯರ್ 1.016ರಲ್ಲಿ ನಿಂತು ಪಾನಕವಾಗುತ್ತದೆ. 65ರಲ್ಲಿ ಮಾಡಿದರೆ 1.010–1.012ಕ್ಕೆ ಇಳಿದು ಸುಮಾರು ಶೇ. 4.3 ಆಲ್ಕೋಹಾಲ್ ಬರುತ್ತದೆ.

ಗಂಟೆ ಆದಮೇಲೆ ಚೀಲ ಎತ್ತಿ ಸೋರಲು ಬಿಡಿ; ಇನ್ನೊಂದು ಪಾತ್ರೆಯಲ್ಲಿ 75 ಡಿಗ್ರಿಯ ನಾಲ್ಕು ಲೀಟರ್ ನೀರಿಟ್ಟುಕೊಂಡು ಅದರಲ್ಲಿ ಹತ್ತು ನಿಮಿಷ ಅದ್ದಿ, ಆ ನೀರನ್ನೂ ಸೇರಿಸಿ. ಕುದಿಯುವ ನೀರಿನಲ್ಲಿ ತೊಳೆದರೆ ಸಿಪ್ಪೆಯ ಟ್ಯಾನಿನ್ ಬಿಟ್ಟು ಚಹಾ ಚರಟದ ಒಗರು ಬರುತ್ತದೆ. ಎಂಟು ಲೀಟರ್‌ನಷ್ಟು ವರ್ಟ್ ಸಿಗಬೇಕು. ಒಂದು ಲೋಟ ತೆಗೆದು 20 ಡಿಗ್ರಿಗೆ ತಣಿಸಿ ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ಕಡ್ಡಿ) ಬಿಟ್ಟರೆ 1.052ರ ಹತ್ತಿರ ತೋರಿಸಬೇಕು. 1.042 ತೋರಿಸಿದರೆ ಕಾಳು ಸರಿಯಾಗಿ ಒಡೆದಿಲ್ಲ ಎಂದರ್ಥ. 200 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿದರೆ ಕೊರತೆ ಬಹುಪಾಲು ತುಂಬುತ್ತದೆ.

ಒಂದು ಗಂಟೆ ಮುಚ್ಚಳ ತೆಗೆದು ಕುದಿಸಿ. ಕಹಿ ಡಬ್ಬಿಯಲ್ಲೇ ಇರುವುದರಿಂದ ಹಾಪ್ಸ್ ಬೇಕಾಗಿರುವುದು ಪರಿಮಳಕ್ಕೆ ಮಾತ್ರ: ಕೊನೆಯ ಹತ್ತು ನಿಮಿಷ ಇದ್ದಾಗ 20 ಗ್ರಾಂ ಕ್ಯಾಸ್ಕೇಡ್ ತಳಿಯ ಹಾಪ್ಸ್, ಒಲೆ ಆರಿಸಿದಾಗ ಇನ್ನೊಂದು 20 ಗ್ರಾಂ. ಡಬ್ಬಿಯ ಪಾಕವನ್ನು ಒಲೆ ಆರಿಸಿದ ಮೇಲೇ ಹಾಕಿ. ಉರಿಯ ಮೇಲೆ ಸುರಿದರೆ ಅದು ನೇರ ತಳಕ್ಕಿಳಿದು ಸೀಯುತ್ತದೆ, ಕುದಿಸಿದರೆ ಬಣ್ಣವೂ ಗಾಢವಾಗುತ್ತದೆ. ಕೂಪರ್ಸ್‌ನದೇ 1.5 ಕಿಲೋ ಹಾಪ್ಸ್ ಇಲ್ಲದ ಲೈಟ್ ಮಾಲ್ಟ್ ಡಬ್ಬಿಯೂ ಇದೆ; ಅದನ್ನು ಬಳಸುವವರು ಕುದಿಯ ಆರಂಭದಲ್ಲೇ 20 ಗ್ರಾಂ ಪ್ರೈಡ್ ಆಫ್ ರಿಂಗ್‌ವುಡ್ ಹಾಪ್ಸ್ ಹಾಕಿದರೆ ಸಾಧಾರಣ ಪೇಲ್ ಏಲ್‌ನಷ್ಟು ಕಹಿ ಬರುತ್ತದೆ. ಎರಡನೇ ಮೂರನೇ ಸಲಕ್ಕೆ ಆ ಡಬ್ಬಿಯೇ ಸರಿ, ಕಹಿಯ ಲಗಾಮೂ ನಿಮ್ಮ ಕೈಗೆ ಬರುತ್ತದೆ.

ಪಾತ್ರೆಯನ್ನು ಸಿಂಕ್‌ನಲ್ಲಿ ಐಸ್ ನೀರಿಗಿಟ್ಟು 30 ಡಿಗ್ರಿಗೆ ಇಳಿಸಿದರೆ ಸಾಕು. ಮೇಲೆ ಹಾಕುವ ಸುಮಾರು 13 ಲೀಟರ್ ನೀರು 12 ಡಿಗ್ರಿ ಇದ್ದರೆ ಒಟ್ಟು 19ರ ಆಸುಪಾಸಿಗೆ ಬರುತ್ತದೆ. ಈ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮಿನ್ ಇದ್ದರೆ ಬಿಯರ್ ಆಸ್ಪತ್ರೆಯ ವಾಸನೆ ಹೊಡೆಯುತ್ತದೆ. ಎಲ್ಲ ನೀರಿಗೂ ಸೇರಿ ಕಾಲು ಕ್ಯಾಂಪ್ಡನ್ ಮಾತ್ರೆ (ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿದರೆ ಹೋಗುತ್ತದೆ. ಆಮೇಲೆ ಚೆನ್ನಾಗಿ ಕದಡಿ. ದಪ್ಪ ವರ್ಟ್ ಕೆಳಗೆ, ನೀರು ಮೇಲೆ ನಿಂತಿರುವಾಗ ನಲ್ಲಿಯಿಂದ ಹಿಡಿದ ಸ್ಯಾಂಪಲ್ 1.060 ತೋರಿಸುತ್ತದೆ, ಹೊಸಬರು ಅದನ್ನು ನಂಬಿ ಹಿಗ್ಗುತ್ತಾರೆ.

ಮುಚ್ಚಳದಡಿಯ ಯೀಸ್ಟ್ ಕೆಟ್ಟದ್ದೇನಲ್ಲ, ಆದರೆ 21 ಲೀಟರ್‌ಗೆ 7 ಗ್ರಾಂ ಕಡಿಮೆ. 11.5 ಗ್ರಾಂನ ಸಾಫ್‌ಏಲ್ ಯುಎಸ್-05 ಯೀಸ್ಟ್ ಹಾಕಿ 18–19 ಡಿಗ್ರಿಯಲ್ಲಿಡಿ. ಕಾಳಿಗಾಗಿ ಇಷ್ಟು ಶ್ರಮ ಪಟ್ಟು ಫರ್ಮೆಂಟರನ್ನು ಜನವರಿಯ ಬಿಸಿಲಿನಲ್ಲಿ 28 ಡಿಗ್ರಿಯ ಗ್ಯಾರೇಜ್‌ನಲ್ಲಿಟ್ಟರೆ ಎಲ್ಲ ವ್ಯರ್ಥ. ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಹಳೆ ಫ್ರಿಜ್ ಮತ್ತು ತಾಪ ನಿಯಂತ್ರಕ ಮೊದಲು, ಮ್ಯಾಶ್ ಪಾತ್ರೆ ಆಮೇಲೆ. ಕಿಟ್‌ನ 30 ಲೀಟರ್ ಫರ್ಮೆಂಟರ್ ಹಾಗೇ ಸಾಕು, ಬದಲಿಸುವ ಅಗತ್ಯವಿಲ್ಲ. ಎರಡು ದಿನ ಅಂತರದಲ್ಲಿ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸುವವರೆಗೆ ಬಾಟಲಿಗೆ ಹಾಕಬೇಡಿ. ಆಮೇಲೆ 740 ಮಿ.ಲೀ. ಬಾಟಲಿಗೆ ಎರಡು ಕಾರ್ಬೊನೇಷನ್ ಡ್ರಾಪ್ಸ್ (ಗುಳ್ಳೆ ಬರಿಸುವ ಸಕ್ಕರೆ ಗುಳಿಗೆ). ಅವಸರ ಮಾಡಿದರೆ ಗಾಜಿನ ಬಾಟಲಿ ಸಿಡಿಯುತ್ತದೆ.

ಲಾಗರ್ ಡಬ್ಬಿಯೇ ಬೇಕು ಅನ್ನುವವರಿಗೆ ಇಂಡಿಯನ್ ದಿನಸಿ ಅಂಗಡಿಯಲ್ಲೇ ಒಂದು ಉಪಾಯವಿದೆ. 1.7 ಕಿಲೋ ಬೇಸ್ ಮಾಲ್ಟ್ ಜೊತೆ 300 ಗ್ರಾಂ ದಪ್ಪ ಅವಲಕ್ಕಿ ಹಾಕಿ. ಅಕ್ಕಿಯ ಪಿಷ್ಟ ಮ್ಯಾಶ್‌ನ ತಾಪದಲ್ಲಿ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಮೊದಲು ಬೇಯಿಸಬೇಕು. ಅವಲಕ್ಕಿ ಮಾಡುವಾಗ ಭತ್ತ ನೆನೆದು, ಹುರಿದು, ಚಪ್ಪಟೆಯಾಗಿರುವುದರಿಂದ ಆ ಕೆಲಸ ಆಗಿಹೋಗಿರುತ್ತದೆ. ನೇರ ಚೀಲಕ್ಕೆ ಹಾಕಬಹುದು. ಬಣ್ಣ ತಿಳಿಯಾಗಿ, ಮೈ ಹಗುರಾಗಿ ಬರುತ್ತದೆ.

ಆಸ್ಟ್ರೇಲಿಯಾದಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಪರವಾನಗಿ ಬೇಡ. ಮಾರುವಂತಿಲ್ಲ, ಅನುಮತಿಯಿಲ್ಲದೆ ಭಟ್ಟಿ ಇಳಿಸುವಂತಿಲ್ಲ. ಊರಿಗೆ ಡಬ್ಬಿ ಕಳಿಸುವ ಯೋಚನೆಯಲ್ಲಿರುವವರು ಗಮನಿಸಿ: ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ನಾಯಿ ಸಾಕಿದವರು ಕುದಿಸಿದ ಹಾಪ್ಸ್ ಚರಟವನ್ನು ಅಂಗಳದಲ್ಲಿ ಚೆಲ್ಲಬೇಡಿ, ಅದು ನಾಯಿಗೆ ವಿಷ.

ಸಕ್ಕರೆ ಕಿಟ್‌ಗೆ ಹೋಲಿಸಿದರೆ ಮೂರು ಗಂಟೆ ಹೆಚ್ಚಿನ ಕೆಲಸ, ಒಂದು ಪಾತ್ರೆ, ಒಂದು ಚೀಲ, ಒಂದು ಥರ್ಮಾಮೀಟರ್. ಆ ಖರ್ಚಿಗೆ ಸಿಗುವ ಮೈತುಂಬಿದ ರುಚಿ, ನಿಲ್ಲುವ ನೊರೆ ನೋಡಿದರೆ ಇದು ಲಾಭದ ಬಾಬತ್ತೇ. ಇದೇ 19 ಲೀಟರ್ ಪಾತ್ರೆಯಲ್ಲಿ ಕಾಳನ್ನು ಮೂರು ಕಿಲೋವರೆಗೂ ಏರಿಸಬಹುದು, ಒಂಬತ್ತು ಲೀಟರ್ ನೀರಿನಲ್ಲಿ. ಆಗ 1.7 ಕಿಲೋ ಡಬ್ಬಿಯ ಬದಲು ಒಂದು ಕಿಲೋ ಒಣ ಮಾಲ್ಟ್ ಪುಡಿ ಸಾಕಾಗುತ್ತದೆ. ನಾಲ್ಕು ಕಿಲೋ ದಾಟಿದರೆ ಈ ಪಾತ್ರೆಯಲ್ಲಿ 21 ಲೀಟರ್‌ನ ಬ್ಯಾಚ್ ಸುಖವಾಗಿ ಆಗುವುದಿಲ್ಲ, ಒದ್ದೆ ಚೀಲ ಒಬ್ಬರ ಕೈಯಲ್ಲಿ ಎತ್ತಲೂ ಭಾರ. ಅಲ್ಲಿಗೆ ಬಂದವರು ದೊಡ್ಡ ಪಾತ್ರೆಗೆ ಹೋಗಿ ಡಬ್ಬಿಯನ್ನು ಪೂರ್ತಿ ಬಿಟ್ಟುಬಿಡಬಹುದು.