1 ಎಚ್‌ಪಿ ಲೇಥ್, 14 ತಿಂಗಳ ಬಳಿಕ: ಕಸುವು ಎಲ್ಲಿ ಸೋರುತ್ತಿತ್ತು?

46,000 ರೂಪಾಯಿ ಕೊಟ್ಟು ತಂದ ಲೇಥ್ (ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ), ಹಲಸಿನ ಮರಕ್ಕೆ ಉಳಿ ತಾಗಿಸಿದ ಕೂಡಲೇ ನಿಂತುಬಿಟ್ಟಿತು. ಆಗ ನನ್ನ ಮುಖ ಹೇಗಿತ್ತು ಎಂಬುದನ್ನು ನನ್ನ ಹೆಂಡತಿ ಮನೆಗೆ ಬಂದ ನೆಂಟರಿಗೆಲ್ಲ ಈಗಲೂ ನಟಿಸಿ ತೋರಿಸುತ್ತಾಳೆ.

ಮೇಜಿನ ಮೇಲೆ ಕೂರಿಸುವ ಯಂತ್ರ. 40 ಕಿಲೋಗಿಂತ ಸ್ವಲ್ಪ ಹೆಚ್ಚು ತೂಕ, ಡಿಸಿ ಮೋಟರ್, ವೇಗ ಏರಿಳಿಸಲು ಒಂದು ನಾಬ್. 12 ಇಂಚು ಅಗಲದ ಮರವನ್ನೂ ಕಡೆಯಬಹುದು ಎಂದು ಡಬ್ಬದ ಮೇಲೆ ಬರೆದಿತ್ತು. ಜಾಹೀರಾತಿನಲ್ಲಿ 1 ಎಚ್‌ಪಿ; ಮೋಟರಿಗೆ ಅಂಟಿಸಿದ ತಗಡಿನಲ್ಲಿ 550 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಎಂದು ಶಾಲೆಯಲ್ಲಿ ಕಲಿತದ್ದು ಸುಳ್ಳಾಗಿರಲಾರದು. ಮಾರಿದವರಿಗೆ ಫೋನ್ ಮಾಡಿದರೆ, "ಅದು ಗರಿಷ್ಠ ಲೆಕ್ಕ ಸರ್" ಎಂದರು. ಒಂದು ನಕ್ಷತ್ರವನ್ನು ಇಲ್ಲಿಯೇ ಕಳೆದಿದ್ದೇನೆ.

ಮೊದಲ ತಿಂಗಳು ದೂರು ಹೇಳುವುದರಲ್ಲೇ ಕಳೆಯಿತು. "ಹೊಸ ಯಂತ್ರ, ಓಡಿಸುತ್ತಾ ಹೋದರೆ ಸರಿಯಾಗುತ್ತದೆ" ಎಂದು ಒಬ್ಬರು, "ಸರ್ಕ್ಯೂಟ್ ಬೋರ್ಡ್ ಹೋಗಿದೆ, ಯಂತ್ರವನ್ನು ಕಳುಹಿಸಿಕೊಡಿ" ಎಂದು ಇನ್ನೊಬ್ಬರು. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಿಂದ ಅಷ್ಟು ಭಾರವನ್ನು ಮತ್ತೆ ಲಾರಿಗೆ ಹಾಕಿಸುವ ಯೋಚನೆಗೇ ಸೊಂಟ ನೋಯತೊಡಗಿತು. ದೋಷ ಹುಡುಕಲು ನಾನೇ ಕೂತದ್ದು ಸೋಮಾರಿತನದಿಂದ.

ಮರ ನಿಂತಾಗ ಮೋಟರೂ ನಿಲ್ಲುತ್ತದೆಯೋ, ಮೋಟರ್ ತಿರುಗುತ್ತಲೇ ಇದ್ದು ಮರ ಮಾತ್ರ ನಿಲ್ಲುತ್ತದೆಯೋ? ಬಲವಿಲ್ಲ ಎಂದು ಗೋಳಾಡುವ ಮೊದಲು ಇದೊಂದನ್ನು ಗಮನಿಸಬೇಕಿತ್ತು. ಮೋಟರ್ ತಿರುಗುತ್ತಿದ್ದರೆ ಕಸುವು ನಡುದಾರಿಯಲ್ಲಿ ಜಾರುತ್ತಿದೆ ಎಂದರ್ಥ. ಮೋಟರೇ ನಿಂತರೆ ವಿಷಯ ಬೇರೆ. ನನ್ನ ಯಂತ್ರದಲ್ಲಿ ಒಮ್ಮೆ ಹೀಗೆ, ಒಮ್ಮೆ ಹಾಗೆ ಆಗುತ್ತಿತ್ತು. ಕಾರಣ ಒಂದೇ ಇರಬೇಕೆಂದು ನಂಬಿದ್ದರಿಂದಲೇ ತಲೆ ಕೆಟ್ಟಿತ್ತು.

ಜಾರಾಟ ಬೇಗ ಸಿಕ್ಕಿತು. ಪ್ಲಗ್ ಕಿತ್ತು ಮುಚ್ಚಳ ತೆಗೆದಾಗ, ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಳಿದ ಗ್ರೀಸು ಬೆಲ್ಟ್ ಸುತ್ತುವ ಚಕ್ರದ, ಅಂದರೆ ಪುಲ್ಲಿಯ, ಗೀರುಗಳಲ್ಲೂ ಇತ್ತು. ಒರೆಸಿ, ಬೆಲ್ಟನ್ನು ಬಿಗಿ ಮಾಡಿದೆ. ಆಮೇಲೆ ಪುಲ್ಲಿಗೂ ಶಾಫ್ಟಿಗೂ ಅಡ್ಡಲಾಗಿ ಮಾರ್ಕರಿನಿಂದ ಒಂದು ಗೆರೆ ಎಳೆದು, ಹತ್ತು ನಿಮಿಷ ಕೆಲಸ ಮಾಡಿ ನೋಡಿದರೆ ಗೆರೆ ಎರಡು ತುಂಡಾಗಿತ್ತು. ಪುಲ್ಲಿಯನ್ನು ಶಾಫ್ಟಿಗೆ ಕಚ್ಚಿಸುವ ಅಲೆನ್ ಸ್ಕ್ರೂ ಸಡಿಲ! ಕಾಲು ಸುತ್ತು ತಿರುಗಿಸಿದ್ದಕ್ಕೆ ಜಾರಾಟ ನಿಂತಿತು.

ಆದರೆ ದೊಡ್ಡ ಬಟ್ಟಲು ಕಡೆಯುವಾಗ ಮೋಟರೇ ನಿಲ್ಲುವುದು ತಪ್ಪಲಿಲ್ಲ. ಇಲ್ಲಿ ತಪ್ಪು ಪೂರ್ತಿ ನನ್ನದು. ಅದನ್ನು ಒಪ್ಪಿಕೊಳ್ಳಲು ಇನ್ನೊಂದು ತಿಂಗಳು ಬೇಕಾಯಿತು. ಈ ಲೇಥಿನಲ್ಲಿ ಬೆಲ್ಟಿಗೆ ಮೂರು ಸ್ಥಾನಗಳಿವೆ: ನಿಮಿಷಕ್ಕೆ 250ರಿಂದ 700, 500ರಿಂದ 1500, 1100ರಿಂದ 3600 ಸುತ್ತು. ಬಂದಾಗ ಬೆಲ್ಟ್ ಕೊನೆಯದರಲ್ಲಿತ್ತು. ನಾಬ್ ಇರುವಾಗ ಬೆಲ್ಟನ್ನು ಯಾಕೆ ಮುಟ್ಟಬೇಕು ಎಂದುಕೊಂಡ ನಾನು, ದೊಡ್ಡ ಮರಕ್ಕೆ ನಾಬನ್ನು ಪೂರಾ ಇಳಿಸಿ ಕಡೆಯುತ್ತಿದ್ದೆ. ನಾಬ್ ಇಳಿಸಿದರೆ ಮೋಟರ್ ನಿಧಾನವಾಗುತ್ತದೆಯೇ ಹೊರತು ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚುವುದಿಲ್ಲ. ಬೆಲ್ಟನ್ನು ಮೋಟರಿನ ಕಡೆ ಸಣ್ಣ ಪುಲ್ಲಿಗೆ, ಮರದ ಕಡೆ ದೊಡ್ಡ ಪುಲ್ಲಿಗೆ ಹಾಕಿದರೆ ಮೋಟರ್ ತನ್ನ ಪೂರ್ಣ ವೇಗದಲ್ಲೇ ಓಡುತ್ತದೆ, ಮರ ನಿಧಾನವಾಗಿ ಆದರೆ ಸುಮಾರು ಐದು ಪಟ್ಟು ಕಸುವಿನಿಂದ ತಿರುಗುತ್ತದೆ.

ಬೀಸುವ ಕಲ್ಲಿನ ಗೂಟ ಅಂಚಿನಲ್ಲಿರುತ್ತದೆ, ನಡುವಿನಲ್ಲಿ ಅಲ್ಲ. ನಡುವಿನ ಬಳಿ ಹಿಡಿದು ಬೀಸಿದರೆ ತೋಳು ಬಿದ್ದುಹೋಗುತ್ತದೆ. ಬಟ್ಟಲಿನಲ್ಲಿ ಇದೇ ಲೆಕ್ಕ ಮೋಟರಿಗೆ ತಿರುಗಿ ಬೀಳುತ್ತದೆ: 10 ಇಂಚು ಅಗಲದ ಮರದ ಅಂಚಿನಲ್ಲಿ ಉಳಿ ಒಡ್ಡುವ ತಡೆ ನಡುವಿನಿಂದ 5 ಇಂಚು ದೂರದಲ್ಲಿದೆ. 2 ಇಂಚಿನ ಲಟ್ಟಣಿಗೆ ಕಡೆಯುವಾಗ ಆ ದೂರ 1 ಇಂಚು. ಅದಕ್ಕೇ ಲಟ್ಟಣಿಗೆ, ಬುಗುರಿಗಳೆಲ್ಲ ಸಲೀಸಾಗಿ ಆಗುತ್ತಿದ್ದವು, ಬಟ್ಟಲಿನಲ್ಲಿ ಮಾತ್ರ ಯಂತ್ರ ಮುಷ್ಕರ ಹೂಡುತ್ತಿತ್ತು. ಬೆಲ್ಟನ್ನು ಮೊದಲ ಸ್ಥಾನಕ್ಕೆ ಇಳಿಸಿದ ದಿನ ಅದೇ ಹಲಸಿನ ತುಂಡು ಅರ್ಧ ಗಂಟೆಯಲ್ಲಿ ಬಟ್ಟಲಾಯಿತು. ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಇದರ ಬಗ್ಗೆ ಕೈಪಿಡಿಯಲ್ಲಿರುವುದು ಒಂದು ಚಿತ್ರ. ವಿವರಣೆ ಒಂದು ಸಾಲೂ ಇಲ್ಲ.

ಇನ್ನೂ ಒಂದು ವಿಚಿತ್ರ ಉಳಿದಿತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗ್ಗೆ ಹೊತ್ತು ಯಂತ್ರ ಸೊರಗುತ್ತಿತ್ತು, ರಾತ್ರಿ ಊಟದ ನಂತರ ಚುರುಕಾಗುತ್ತಿತ್ತು. ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು: ಅಡಿಕೆ ತೋಟಗಳ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಮನೆಗೆ ಬರುತ್ತಿದ್ದದ್ದು 195 ವೋಲ್ಟ್, ರಾತ್ರಿ 228. ಅದರ ಮೇಲೆ, ಕೊಟ್ಟಿಗೆಯ ತನಕ ನಾನು ಎಳೆದಿದ್ದ 25 ಮೀಟರ್ ತೆಳು ಎಕ್ಸ್‌ಟೆನ್ಷನ್ ವಯರ್ ಭಾರ ಬಿದ್ದಾಗ ಇನ್ನೂ ಹತ್ತು ವೋಲ್ಟ್ ನುಂಗುತ್ತಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಈಗ 2.5 ಚದರ ಮಿಲಿಮೀಟರಿನ ತಾಮ್ರದ ವಯರನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಪ್ರತ್ಯೇಕವಾಗಿ ಹಾಕಿಸಿದ್ದೇನೆ. ಪಂಪ್‌ಸೆಟ್‌ಗಳ ಹೊತ್ತಿನಲ್ಲಿ ಬಟ್ಟಲಿಗೆ ಕೈ ಹಾಕುವುದಿಲ್ಲ, ಬುಗುರಿ ಮಾಡುತ್ತೇನೆ.

ಕಳೆದ ದಸರೆಗೆ ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದು, ಆಲೆಮರದ ಗೊಂಬೆ ಕಡೆಯುವ ಹಿರಿಯರೊಬ್ಬರ ಮುಂದೆ ಈ ಕಥೆಯನ್ನೆಲ್ಲ ಬಿಚ್ಚಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು, "ಉಳಿಗೆ ಸಾಣೆ ಹಿಡಿದು ಎಷ್ಟು ದಿನವಾಯಿತು ಸ್ವಾಮಿ?" ಎಂದರು. ಉತ್ತರ ಹೇಳಲಿಲ್ಲ. ಈಗ ಬಟ್ಟಲೊಂದಕ್ಕೆ ಮೂರು ನಾಲ್ಕು ಸಲ ಸಾಣೆಗೆ ಎದ್ದು ಹೋಗುತ್ತೇನೆ, ಮೋಟರಿನ ನರಳಾಟ ಅಷ್ಟಕ್ಕೇ ಅರ್ಧ ಕಡಿಮೆಯಾಗಿದೆ.

ಉಳಿದಂತೆ ಬೇರಿಂಗ್ ಗಟ್ಟಿ, ಸದ್ದು ಕಡಿಮೆ. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ. ಆ ಒತ್ತಡಕ್ಕೂ ಮೋಟರ್ ಬಗ್ಗುವುದಿಲ್ಲ. 12 ಇಂಚಿನ ಮಾತು ಮಾತ್ರ ನಂಬಬೇಡಿ, 10 ಇಂಚಿಗೆ ನಿಲ್ಲಿಸಿ. ಬೆಲ್ಟಿನ ಮುಚ್ಚಳಕ್ಕೆ ಎರಡು ಸ್ಕ್ರೂ ಕೊಟ್ಟವರ ಮೇಲೆ ನನಗೆ ಇನ್ನೂ ಸಿಟ್ಟಿದೆ, ಅದನ್ನು ದಿನಕ್ಕೆ ನಾಲ್ಕು ಸಲ ತೆಗೆಯಬೇಕು. ಐದರಲ್ಲಿ ಮೂರೂವರೆ ಕೊಡುತ್ತೇನೆ. ಕೊಳ್ಳುವುದಾದರೆ ಇನ್ನೊಂದು ಬೆಲ್ಟನ್ನೂ ಜೊತೆಗೇ ತರಿಸಿಕೊಳ್ಳಿ. ನನ್ನದು ಹನ್ನೊಂದನೇ ತಿಂಗಳಲ್ಲಿ ಸವೆದಾಗ ಬದಲಿ ಬೆಲ್ಟ್ ಬರಲು ಐದು ವಾರ ಹಿಡಿಯಿತು.