ಸೇವಾ ಕ್ಲಬ್ಬಿನ ವಾರದ ಸಭೆ: ಕೊನೆಯ ಹದಿನೈದು ನಿಮಿಷ ಮಾತ್ರ ತಪ್ಪಿಸಿಕೊಳ್ಳಬೇಡಿ

ಸ್ನೇಹಿತರೊಬ್ಬರು ಕರೆದರು ಅಂತ ಲಯನ್ಸ್, ರೋಟರಿ ಥರದ ಒಂದು ಸೇವಾ ಕ್ಲಬ್ಬಿನ ವಾರದ ಸಭೆಗೆ ಅತಿಥಿಯಾಗಿ ಹೋಗಿದ್ದೆ. ಒಂದು ಸಲ ನೋಡಿ ಬರೋಣ ಅಂದುಕೊಂಡಿದ್ದು ಐದು ವಾರ ಆಯಿತು. ಸೇರಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಕ್ಲಬ್ಬಿನ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಒಂದೆರಡು ದೂರುಗಳೂ ಇವೆ.

ದೂರು ಮೊದಲೇ ಹೇಳಿಬಿಡುತ್ತೇನೆ. ಸಭೆ ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ. ಅಧ್ಯಕ್ಷರು ಗಂಟೆ ಬಾರಿಸಿದ ಮೇಲೂ ಜನ ಮಾತಾಡುತ್ತಲೇ ಇರುತ್ತಾರೆ. ಆಮೇಲೆ ಸ್ವಾಗತ, ಪರಿಚಯ, ಹುಟ್ಟುಹಬ್ಬದ ಶುಭಾಶಯ, ಅತಿಥಿಯ ಭಾಷಣ. ಭಾಷಣಕ್ಕೆ ಇಪ್ಪತ್ತು ನಿಮಿಷ ಅಂತ ಇದ್ದರೂ ಮೂರು ವಾರ ನಲವತ್ತು ದಾಟಿತು. ಅದರ ಪೆಟ್ಟು ಬೀಳುವುದು ಕೊನೆಯ ಹದಿನೈದು ನಿಮಿಷಕ್ಕೆ, ಅಂದರೆ ನಡೆಯುತ್ತಿರುವ ಕೆಲಸಗಳ ವರದಿಗೆ. ಎರಡನೇ ವಾರ ವರದಿಯನ್ನೇ ಕೈಬಿಟ್ಟರು. ನನಗೆ ತುಂಬಾ ಬೇಜಾರಾಯಿತು, ಯಾಕೆಂದರೆ ಈ ಸಭೆಯ ಜೀವ ಇರುವುದೇ ಅಲ್ಲಿ.

ಮೊದಲ ವಾರ ಕಂಡದ್ದು ಹೇಳುತ್ತೇನೆ. ಕಾರ್ಯದರ್ಶಿ ಬ್ಯಾಗಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ರಟ್ಟಿನ ಮೂಲೆಗಳು ಸವೆದು ಬೆಳ್ಳಗಾಗಿದ್ದವು. ಕ್ಲಬ್ಬಿನಿಂದ ಎರವಲು ಕೊಡುವ ವ್ಹೀಲ್‌ಚೇರ್, ವಾಕರ್, ಊರುಗೋಲು ಎಲ್ಲದಕ್ಕೂ ಅದರಲ್ಲಿ ಒಂದೊಂದು ನಂಬರ್. ಯಾವತ್ತು ಹೋಯಿತು, ಎಷ್ಟು ದಿನಕ್ಕೆ, ವಾಪಸ್ ಬಂತಾ, ಯಾವ ಸ್ಥಿತಿಯಲ್ಲಿ ಬಂತು. "ಏಳನೇ ನಂಬರ್ ಬಂದಿದೆ, ಎಡಗಡೆ ಬ್ರೇಕ್ ಹಿಡಿಯುತ್ತಿಲ್ಲ, ಸರಿಯಾಗುವವರೆಗೆ ಯಾರಿಗೂ ಕೊಡಬೇಡಿ" ಅಂದರು. ಇನ್ನೊಬ್ಬರು, ಹನ್ನೊಂದನೇ ವಾಕರ್ ತಗೊಂಡವರಿಗೆ ಇನ್ನೂ ಒಂದು ತಿಂಗಳು ಬೇಕಂತೆ ಅಂದರು. ಆಗಲಿ ಅಂತ ಬರೆದುಕೊಂಡರು, ಅಷ್ಟೇ. ಮೊಣಕಾಲಿನ ಆಪರೇಷನ್ ಆದ ಎಷ್ಟೋ ಜನರಿಗೆ ವಾಕರ್ ಬೇಕಾಗುವುದು ಕೆಲವು ವಾರ ಮಾತ್ರ, ಆಮೇಲೆ ಅದು ಮನೆಯ ಮೂಲೆಯಲ್ಲಿ ಸುಮ್ನೆ ನಿಂತಿರುತ್ತದೆ. ಅದೇ ವಾಕರ್ ಹತ್ತು ಮನೆ ಸುತ್ತಬೇಕಾದರೆ ಯಾರಾದರೂ ಹೀಗೆ ಪ್ರತಿ ವಾರ ಲೆಕ್ಕ ನೋಡಬೇಕು ಅಲ್ವಾ? ಆ ನೋಟ್‌ಬುಕ್ ನನಗೆ ಎಲ್ಲ ಭಾಷಣಗಳಿಗಿಂತ ದೊಡ್ಡದಾಗಿ ಕಂಡಿತು.

ಅಂದಹಾಗೆ, ಇಡೀ ಕ್ಲಬ್ಬನ್ನು ನಡೆಸುತ್ತಿರುವುದು ಈ ಕಾರ್ಯದರ್ಶಿಯೇ, ಹೆಂಗಸು. ಲಯನ್ಸ್ ಸಂಸ್ಥೆ ಹೆಂಗಸರಿಗೆ ಸದಸ್ಯತ್ವ ತೆರೆದದ್ದು 1987ರಲ್ಲಿ, ರೋಟರಿ ತನ್ನ ನಿಯಮ ಬದಲಿಸಿದ್ದು 1989ರಲ್ಲಿ. ಅಷ್ಟು ವರ್ಷ ಇಂಥವರನ್ನು ಹೊರಗಿಟ್ಟಿದ್ದರಲ್ಲ ಅಂತ ಅನ್ನಿಸಿತು.

ಮೂರನೇ ವಾರ ಸಭೆ ಮುಗಿದ ಮೇಲೆ ಹಳೆಯ ಕನ್ನಡಕಗಳ ಕೆಲಸ ಇತ್ತು, ನಾನೂ ಕೂತೆ. ಜನ ಡಬ್ಬಿಗೆ ಹಾಕಿದ ಕನ್ನಡಕಗಳನ್ನು ಮೇಜಿನ ಮೇಲೆ ಸುರಿದರು. ಗಾಜು ಗೀರಿದ್ದರೆ ಒಂದು ಕಡೆ, ಕಡ್ಡಿ ಮುರಿದಿದ್ದರೆ ಒಂದು ಕಡೆ. ಚೆನ್ನಾಗಿರುವುದನ್ನು ತೊಳೆದು ಒರೆಸಿ, ಮಷೀನಿನಲ್ಲಿ ಪವರ್ ನೋಡಿ, ಚೀಟಿ ಬರೆದು ಕವರಿಗೆ ಹಾಕಬೇಕು. ಎರಡು ಕಣ್ಣಿನ ಪವರ್ ಬೇರೆ ಬೇರೆ ಇರುತ್ತದೆ, ಎಡ ಬಲ ಅದಲುಬದಲು ಆದರೆ ಹಾಕಿಕೊಂಡವರಿಗೆ ತಲೆನೋವು ಬರಬಹುದು. ನಾನು ಎರಡು ಚೀಟಿ ತಪ್ಪಾಗಿ ಬರೆದೆ, ಪಕ್ಕದವರು ತಾಳ್ಮೆಯಿಂದ ತೋರಿಸಿಕೊಟ್ಟರು. ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲರ್ 1925ರಲ್ಲಿ ಲಯನ್ಸ್ ಸಮ್ಮೇಳನಕ್ಕೆ ಬಂದು, ಕಣ್ಣು ಕಾಣದವರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡಿದ್ದರು. ಅಲ್ಲಿಂದ ಇವತ್ತಿನವರೆಗೂ ಕಣ್ಣಿನ ಕೆಲಸ ಆ ಸಂಸ್ಥೆಯ ದೊಡ್ಡ ಕೆಲಸವಾಗಿ ಉಳಿದಿದೆ. ಒಂದೊಂದೇ ಕನ್ನಡಕ ಒರೆಸುವಾಗ ಅದು ನೆನಪಾಗುತ್ತಿತ್ತು.

ರಕ್ತದಾನದ ವಿಷಯದಲ್ಲಿ ನನಗೆ ಒಂದು ತಕರಾರಿದೆ. ಕ್ಲಬ್ ವರ್ಷಕ್ಕೊಂದು ದೊಡ್ಡ ಶಿಬಿರ ಮಾಡುತ್ತದೆ, ಫೋಟೋ ಜಾಸ್ತಿ ಬರುತ್ತವೆ. ಆದರೆ ಫ್ರಿಜ್‌ನಲ್ಲಿ ಇಟ್ಟ ಕೆಂಪು ರಕ್ತಕಣ ಉಳಿಯುವುದು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ ಆದರೆ ಸುಮಾರು ಐದರಿಂದ ಏಳು ದಿನ ಮಾತ್ರ. ಒಂದೇ ದಿನ ನೂರು ಜನ ಕೊಡುವುದಕ್ಕಿಂತ ತಿಂಗಳಿಗೆ ಎಂಟೊಂಬತ್ತು ಜನ ಸರದಿಯಲ್ಲಿ ಕೊಟ್ಟರೆ ರಕ್ತನಿಧಿಗೆ ಎಷ್ಟೋ ಅನುಕೂಲ. ನಾಲ್ಕನೇ ವಾರ ಎದ್ದು ನಿಂತು ಇದನ್ನೇ ಹೇಳಿದೆ. ಅತಿಥಿಗೆ ಯಾಕೆ ಈ ಮಾತು ಅಂತ ಯಾರೂ ಅನ್ನಲಿಲ್ಲ, ಸರದಿ ಪಟ್ಟಿ ಮಾಡೋಣ ಅಂದರು. ಪಟ್ಟಿ ಇನ್ನೂ ಆಗಿಲ್ಲ, ಕೇಳುತ್ತಲೇ ಇರುತ್ತೇನೆ.

ವಾರಕ್ಕೊಂದು ಸಲ ಕೂತು ಮಾತಾಡಿದರೆ ಏನಾಗುತ್ತದೆ ಅನ್ನುವವರಿಗೆ ಪೋಲಿಯೋ ಕತೆ ಹೇಳಬೇಕು. ರೋಟರಿ 1905ರಲ್ಲಿ ಶಿಕಾಗೋದಲ್ಲಿ ನಾಲ್ಕು ಜನರಿಂದ ಶುರುವಾಯಿತು. ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ ಸೇರುತ್ತಿದ್ದರು, ಆ ಸುತ್ತಾಟದಿಂದಲೇ ಹೆಸರು ಬಂತು. ಅದರ ನಿಧಿಗೆ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್. ಅದೇ ಸಂಸ್ಥೆ 1985ರಲ್ಲಿ ಪೋಲಿಯೋ ಲಸಿಕೆಯ ಕೆಲಸವನ್ನು ಇಡೀ ಜಗತ್ತಿನ ಮಟ್ಟದಲ್ಲಿ ಕೈಗೆತ್ತಿಕೊಂಡಿತು. 1988ರಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳಿಗೆ ಪೋಲಿಯೋ ಆಗುತ್ತಿತ್ತು, ಈಗ ಶೇಕಡಾ 99ಕ್ಕಿಂತ ಹೆಚ್ಚು ಕಡಿಮೆಯಾಗಿದೆ. ಸರ್ಕಾರಗಳು, ಆರೋಗ್ಯ ಸಂಸ್ಥೆಗಳು, ಲಸಿಕೆ ಹಾಕುವ ಕಾರ್ಯಕರ್ತರು ಎಲ್ಲರ ಪಾಲೂ ಇದರಲ್ಲಿದೆ. ಆದರೂ ಇಷ್ಟು ವರ್ಷ ಬಿಡದೆ ಹಿಂದೆ ಬಿದ್ದು ಹಣ ಕೂಡಿಸಿದ ಸಾವಿರಾರು ಕ್ಲಬ್ಬುಗಳನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಸಮಯಕ್ಕೆ. ಸೇರುವ ಮುಂಚೆ ಮೂರ್ನಾಲ್ಕು ಸಭೆಗೆ ಅತಿಥಿಯಾಗಿಯೇ ಹೋಗಿ, ವರ್ಷದ ಖರ್ಚಿನ ಲೆಕ್ಕ ತೋರಿಸಿ ಅಂತ ಕೇಳಿ. ನಾನು ಕೇಳಿದೆ, ಖಜಾಂಚಿ ಹಿಂದೆಮುಂದೆ ನೋಡದೆ ಕೊಟ್ಟರು. ಏಳನೇ ನಂಬರ್ ವ್ಹೀಲ್‌ಚೇರ್ ಈಗ ನಮ್ಮ ಮನೆಯಲ್ಲಿದೆ. ಬ್ರೇಕ್ ಸರಿ ಮಾಡಿಸಿ ಬರುವ ವಾರ ತರುತ್ತೇನೆ ಅಂತ ಹೇಳಿ ಬಂದಿದ್ದೇನೆ, ನೋಟ್‌ಬುಕ್ಕಿನಲ್ಲಿ ಅದರ ಮುಂದೆ ನನ್ನ ಹೆಸರು ಬರೆದುಕೊಂಡಿದ್ದಾರೆ.