ಕಳೆ ಮುಚ್ಚಿದ ನೀರಿನಲ್ಲಿ ಬಾಸ್ ಮೀನಿಗೆ ಗಾಳ: ಡಾಬಿನ್ಸ್ ರಾಡ್, ಕುರಾಡೊ ರೀಲ್, ಪವರ್‌ಪ್ರೊ ದಾರದ ವಿಮರ್ಶೆ

ಅಮೆರಿಕದ ಫ್ಲಾರಿಡಾದ ಒಕಿಚೋಬಿ ಸರೋವರ, ಅಲಬಾಮಾದ ಗಂಟರ್ಸ್‌ವಿಲ್ ಸರೋವರ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಡೆಲ್ಟಾ. ಬೇಸಿಗೆ ಏರಿದಂತೆ ಈ ನೀರುಗಳ ಅಂಚೆಲ್ಲ ಹೈಡ್ರಿಲ್ಲಾ, ಅಂತರಗಂಗೆ, ನೈದಿಲೆ ಎಲೆ, ಜೊಂಡು ಹೀಗೆ ಒಂದೊಂದು ಕಡೆ ಒಂದೊಂದು ಗಿಡದಿಂದ ಮುಚ್ಚಿಕೊಳ್ಳುತ್ತದೆ. ಹೈಡ್ರಿಲ್ಲಾ ನಮ್ಮ ಕರ್ನಾಟಕದ ಕೆರೆಗಳಲ್ಲೂ ಇರುವ ಗಿಡವೇ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾಕ್ಕೆ ಹೋಗಿ, ಅಲ್ಲಿಂದ ಹಲವು ರಾಜ್ಯಗಳಿಗೆ ಹಬ್ಬಿತು. ಮೇಲಿನಿಂದ ನೋಡಿದರೆ ಗಟ್ಟಿ ಹಾಸು, ಕೆಳಗೆ ಮಾತ್ರ ನೆರಳಿನ ಖಾಲಿ ಜಾಗ. ದೊಡ್ಡಬಾಯಿಯ ಬಾಸ್ ಕಾದು ಕೂರುವುದು ಅಲ್ಲೇ.

ಇಲ್ಲಿ ಮೀನು ಕಚ್ಚಿಸುವುದು ಅಷ್ಟು ಕಷ್ಟವಲ್ಲ, ಹೊರಗೆ ತರುವುದು ಕಷ್ಟ. ಕಚ್ಚಿದ ಮೊದಲ ಒಂದೆರಡು ಸೆಕೆಂಡಿನಲ್ಲಿ ಅದರ ತಲೆ ನಿಮ್ಮ ಕಡೆಗೆ ತಿರುಗದಿದ್ದರೆ ಅದು ಕಾಂಡಗಳ ಸುತ್ತ ದಾರ ಸುತ್ತಿಬಿಡುತ್ತದೆ. ಆಮೇಲೆ ನೀವು ಎಳೆಯುವುದು ಮೀನನ್ನಲ್ಲ, ಕೆರೆಯ ತಳಕ್ಕೆ ಬೇರುಬಿಟ್ಟ ಗಿಡವನ್ನು. ಆದ್ದರಿಂದ ಕಳೆಯ ನೀರಿಗೆ ಸೆಟ್ ಕೊಳ್ಳುವವರು ಮೊದಲು ದಾರ, ಆಮೇಲೆ ರಾಡ್, ಕೊನೆಗೆ ರೀಲ್ ಎಂಬ ಕ್ರಮದಲ್ಲಿ ಯೋಚಿಸಬೇಕು. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ, ದುಡ್ಡೆಲ್ಲ ರೀಲಿಗೆ ಸುರಿದು ಉಳಿದದ್ದರಲ್ಲಿ ದಾರ ಕೊಳ್ಳುತ್ತಾರೆ. ಈ ವಿಮರ್ಶೆ ದಾರ, ರಾಡ್, ರೀಲ್ ಎಂಬ ಕ್ರಮದಲ್ಲೇ ಇದೆ.

ದಾರ: ಪವರ್‌ಪ್ರೊ, 65 ಪೌಂಡ್ (ಕಡಿಯದೆ ತಡೆಯುವ ಭಾರ), ಪಾಚಿಹಸಿರು ಬಣ್ಣ. ಹೆಣೆದ ದಾರ, ಅಂದರೆ ಬ್ರೇಡ್, ಬಿಟ್ಟು ಬೇರೇನೂ ಇಲ್ಲಿ ನಡೆಯುವುದಿಲ್ಲ. ನೈಲಾನ್ ಎಳೆದಾಗ ಹಿಗ್ಗುತ್ತದೆ. ಇಪ್ಪತ್ತೈದು ಮೀಟರ್ ದೂರದಲ್ಲಿ ಕಪ್ಪೆ ಗಾಳವನ್ನು (ಕಪ್ಪೆಯಾಕಾರದ ಟೊಳ್ಳು ರಬ್ಬರ್ ಗಾಳ) ಮೀನು ನುಂಗಿದಾಗ ನೀವು ಕೊಟ್ಟ ಎಳೆತದ ಬಹುಪಾಲು ಆ ಹಿಗ್ಗುವಿಕೆಯಲ್ಲೇ ಕಳೆದುಹೋಗುತ್ತದೆ, ಕೊಕ್ಕೆ ದವಡೆಗೆ ಇಳಿಯುವುದೇ ಇಲ್ಲ. ಇನ್ನೊಂದು ಬಗೆಯ ದಾರವಾದ ಫ್ಲೂರೋಕಾರ್ಬನ್ ನೀರಿನಲ್ಲಿ ಮುಳುಗುತ್ತದೆ, ಹಾಗಾಗಿ ಕಪ್ಪೆಯ ಮೂಗನ್ನು ಕೆಳಕ್ಕೆ ಎಳೆಯುತ್ತದೆ. ಬ್ರೇಡ್ ಪಾಲಿಎಥಿಲೀನ್ ನಾರಿನದು. ಹಿಗ್ಗುವುದು ತೀರ ಕಡಿಮೆ, ತೇಲುತ್ತದೆ, ಬಿಗಿಯಾದಾಗ ಮೆತ್ತನೆಯ ಕಾಂಡಗಳನ್ನು ಗರಗಸದ ಹಾಗೆ ಕೊಯ್ದುಕೊಂಡು ಬರುತ್ತದೆ.

ಬಾಸ್ ಮೀನಿನ ವಿಶ್ವದಾಖಲೆಯೇ 22 ಪೌಂಡ್ 4 ಔನ್ಸ್ (ಜಾರ್ಜಿಯಾ, 1932). ಹಾಗಿರುವಾಗ 65 ಪೌಂಡಿನ ದಾರ ಏಕೆ ಬೇಕು? ಮೀನಿನ ಜತೆ ಅದರ ತೂಕದಷ್ಟೇ ಕಳೆಯೂ ಬರುತ್ತದೆ ಎನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ದಪ್ಪ. ಪವರ್‌ಪ್ರೊದ 30 ಪೌಂಡಿನ ದಾರ 0.28 ಮಿ.ಮೀ. ಮಾತ್ರ. ಜೋರಾಗಿ ಎಳೆದಾಗ ಅದು ಸ್ಪೂಲಿನಲ್ಲಿ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಕೆಳಗಿನ ಸುತ್ತುಗಳ ನಡುವೆ ಹೂತುಕೊಳ್ಳುತ್ತದೆ. ಮುಂದಿನ ಎಸೆತದಲ್ಲಿ ದಾರ ಅಲ್ಲೇ ಸಿಕ್ಕಿ, ಗಾಳ ಗಾಳಿಯಲ್ಲೇ ನಿಂತು ಹಿಂದಕ್ಕೆ ಬರುತ್ತದೆ, ಇಲ್ಲವೇ ಪಟ್ಟನೆ ಕಡಿದು ಹಾರಿಹೋಗುತ್ತದೆ. 65 ಪೌಂಡಿನದು 0.41 ಮಿ.ಮೀ., ಅಂದರೆ 16 ಪೌಂಡಿನ ನೈಲಾನ್ ದಾರದ ದಪ್ಪ. ಅದು ಹೂತುಕೊಳ್ಳುವುದು ಅಪರೂಪ. ಸ್ವಲ್ಪ ಬಿಡಿಬಿಡಿಯಾಗಿರುವ ನೈದಿಲೆ ಎಲೆಗಳ ನಡುವೆ 50 ಪೌಂಡ್ (0.36 ಮಿ.ಮೀ.) ಸಾಕು, ಎಸೆತವೂ ತುಸು ಉದ್ದ ಹೋಗುತ್ತದೆ. ಗಟ್ಟಿ ಹಾಸಿನ ಮೇಲೆ 65. 80 ಪೌಂಡಿನದನ್ನು ಕೊಳ್ಳಬೇಕಾದ ಅಗತ್ಯ ತುಂಬ ಕಡಿಮೆ ಜನಕ್ಕಿದೆ.

ಇದೇ ಬೆಲೆಯ ಸುತ್ತಮುತ್ತ ಸಿಗುವ ಇನ್ನೊಂದು ಒಳ್ಳೆಯ ದಾರ ಸೂಫಿಕ್ಸ್ 832. ಎಂಟು ಎಳೆಯದು, ಅದರಲ್ಲಿ ಒಂದು ಎಳೆ ಗೋರ್ ಕಂಪನಿಯ ನಾರು. ಪವರ್‌ಪ್ರೊಗಿಂತ ನುಣುಪು, ರಾಡಿನ ಬಳೆಗಳಲ್ಲಿ (ದಾರ ಹಾಯುವ ಉಂಗುರಗಳು) ಸದ್ದು ಕಡಿಮೆ. ತೆರೆದ ನೀರಿಗೂ ಇದೇ ದಾರ ಬಳಸುವವರಿಗೆ 832 ಉತ್ತಮ. ಆದರೆ ಕಳೆಯಲ್ಲಿ ನಾಲ್ಕು ಎಳೆಯ ಪವರ್‌ಪ್ರೊದ ಆ ಒರಟುತನವೇ ಬೇಕಾದ ಗುಣ, ಕಾಂಡ ಕೊಯ್ಯುವುದು ಅದೇ. ಹೊಸದರಲ್ಲಿ ಪವರ್‌ಪ್ರೊ ಬಿರುಸಾಗಿರುತ್ತದೆ, ಬಣ್ಣ ಬೇಗ ಮಾಸುತ್ತದೆ. ಬಣ್ಣ ಹೋದರೆ ಚಿಂತೆಯಿಲ್ಲ. ದಾರ ಹತ್ತಿಯ ಹಾಗೆ ನಾರು ಬಿಟ್ಟುಕೊಂಡಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಿರಿ. ಪೆಟ್ಟಿಗೆಯಲ್ಲೇ ಕತ್ತರಿಸುವ ಅಲಗು ಕೊಟ್ಟಿರುವುದು ಚಿಕ್ಕ ಅನುಕೂಲ, ಆದರೂ ದೋಣಿಯಲ್ಲಿ ಬ್ರೇಡ್ ಕತ್ತರಿಸುವ ಹರಿತವಾದ ಕತ್ತರಿ ಬೇರೆಯೇ ಇರಬೇಕು. ಉಗುರು ಕತ್ತರಿ ಈ ದಾರಕ್ಕೆ ಆಗದು.

ಸುತ್ತುವ ವಿಧಾನದಲ್ಲೇ ಅರ್ಧ ಜನ ಎಡವುತ್ತಾರೆ. ಬ್ರೇಡನ್ನು ಬರಿಯ ಲೋಹದ ಸ್ಪೂಲಿಗೆ ನೇರ ಕಟ್ಟಿದರೆ ಇಡೀ ದಾರದ ಉಂಡೆಯೇ ಸ್ಪೂಲಿನ ಮೇಲೆ ಜಾರುತ್ತದೆ. ರೀಲು ಕೆಟ್ಟಿದೆ, ಡ್ರ್ಯಾಗ್ (ಮೀನು ದಾರ ಎಳೆದುಕೊಂಡು ಹೋಗದಂತೆ ತಡೆಯುವ ಬಿಗಿ) ಹಿಡಿಯುತ್ತಿಲ್ಲ ಎಂದು ಅಂಗಡಿಗೆ ಹಿಂದಿರುಗುವ ಎಷ್ಟೋ ರೀಲುಗಳ ರೋಗ ಇದಿಷ್ಟೇ. ಮೊದಲು ಹತ್ತು ಹದಿನೈದು ಸುತ್ತು ನೈಲಾನ್ ದಾರ ಹಾಕಿ, ಅದಕ್ಕೆ ಬ್ರೇಡ್ ಗಂಟು ಹಾಕಿ. ಒಂದು ಸುತ್ತು ಎಲೆಕ್ಟ್ರಿಕಲ್ ಟೇಪ್ ಅಂಟಿಸಿದರೂ ಆದೀತು. ಆಮೇಲೆ ದಾರವನ್ನು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು, ಕೈ ನೋಯುವಷ್ಟು ಬಿಗಿಯಲ್ಲಿ ಸುತ್ತಿ. ಸಡಿಲ ಸುತ್ತಿದರೆ 65 ಪೌಂಡಿನದೂ ಹೂತುಕೊಳ್ಳುತ್ತದೆ. ಸ್ಪೂಲಿನ ಅಂಚಿಗೆ ಎರಡು ಮೂರು ಮಿ.ಮೀ. ಬಾಕಿ ಇರಲಿ. ಒಂದು ಋತು ಕಳೆದ ಮೇಲೆ ದಾರವನ್ನು ತಲೆಕೆಳಗು ಮಾಡಿ ಸುತ್ತಿಕೊಳ್ಳಿ. ಸವೆಯುವುದು ಹೊರಗಿನ ಮೂವತ್ತು ಮೀಟರ್ ಮಾತ್ರ, ಒಳಗಿನದು ಹೊಸದರಂತೆಯೇ ಇರುತ್ತದೆ.

ಗಂಟು ಪ್ಯಾಲೊಮಾರ್. ದಾರವನ್ನು ಮಡಿಸಿ ಕೊಕ್ಕೆಯ ಕಣ್ಣಿಗೆ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗೆ ಇಡೀ ಕಪ್ಪೆಯನ್ನು ದಾಟಿಸಿ, ನೀರು ಹಚ್ಚಿ ಎಳೆಯಿರಿ. ಕಪ್ಪೆ ದೊಡ್ಡದಾದ್ದರಿಂದ ಕುಣಿಕೆಗೆ ಒಂದು ಗೇಣು ದಾರ ಹೆಚ್ಚೇ ಬಿಡಬೇಕು. ಹಾಸಿನ ಮೇಲೆ ಫ್ಲೂರೋಕಾರ್ಬನ್ ಲೀಡರ್ (ಬ್ರೇಡಿನ ತುದಿಗೆ ಜೋಡಿಸುವ ತುಂಡು ದಾರ) ಬೇಡವೇ ಬೇಡ. ಮೀನಿಗೆ ದಾರ ಕಾಣುವುದಿಲ್ಲ, ಜೋಡಣೆಯ ಗಂಟು ಮಾತ್ರ ಪ್ರತಿ ಎಸೆತದಲ್ಲೂ ಪಾಚಿ ಹಿಡಿಯುತ್ತದೆ.

ರಾಡ್: ಡಾಬಿನ್ಸ್ ಫ್ಯೂರಿ 735. ಡಾಬಿನ್ಸ್ ಕಂಪನಿಯ ಸಂಖ್ಯೆಗಳನ್ನು ಓದುವುದು ಸುಲಭ: 73 ಎಂದರೆ 7 ಅಡಿ 3 ಇಂಚು, ಕೊನೆಯ 5 ಎಂದರೆ ಬಲ. ಫ್ಯೂರಿ ಆ ಕಂಪನಿಯ ದುಬಾರಿಯಲ್ಲದ ಸಾಲು. ಕಪ್ಪೆ ಗಾಳಕ್ಕೆ ಈ ಉದ್ದ, ಹೆವಿ ಬಲ, ಫಾಸ್ಟ್ ಆ್ಯಕ್ಷನ್ ಸರಿಯಾದ ಜೋಡಿ. ಬುಡದ ಕಡೆಯ ಮೂರರಲ್ಲಿ ಎರಡು ಭಾಗ ಬಾಗದೆ ನಿಲ್ಲಬೇಕು, ತುದಿಗೆ ಮಾತ್ರ ಸ್ವಲ್ಪ ಜೀವ ಇರಬೇಕು.

ಆ ತುದಿಯ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಕಳೆ ಎಂದ ಕೂಡಲೆ ಅಂಗಡಿಯಲ್ಲಿರುವ ಅತಿ ಗಡುಸು ರಾಡನ್ನು ಎತ್ತಿಕೊಂಡು ಬರುವವರಿದ್ದಾರೆ. ಸ್ಪ್ರೋ ಬ್ರಾಂಜೈ 65ರಂಥ ಕಪ್ಪೆ ಬರೀ ಅರ್ಧ ಔನ್ಸ್, ಅಂದರೆ 14 ಗ್ರಾಂ. ಅತಿ ಗಡುಸು ತುದಿ ಅಷ್ಟು ತೂಕಕ್ಕೆ ಬಾಗುವುದೇ ಇಲ್ಲ, ಎಸೆತ ಹತ್ತಿರದಲ್ಲೇ ಬೀಳುತ್ತದೆ. ಕಪ್ಪೆಯನ್ನು ಒಂದೇ ಜಾಗದಲ್ಲಿ ಎಡಕ್ಕೂ ಬಲಕ್ಕೂ ಕುಣಿಸಲು ತುದಿಯ ಚಿಕ್ಕ ಮಿಡಿತ ಬೇಕು, ಅದೂ ಆಗುವುದಿಲ್ಲ. ಮೀನು ನೀರು ಚಿಮ್ಮಿಸಿದ ಕ್ಷಣದಲ್ಲೇ ಕಪ್ಪೆಯನ್ನು ಅದರ ಬಾಯಿಂದ ಕಿತ್ತುಬಿಡುವ ಸಾಧ್ಯತೆಯೂ ಹೆಚ್ಚು. ಮೀಡಿಯಂ ಹೆವಿ ರಾಡಿನ ತೊಂದರೆ ಇದಕ್ಕೆ ತದ್ವಿರುದ್ಧ: ಕಪ್ಪೆಯ ರಬ್ಬರ್ ಮೈ ಚಪ್ಪಟೆಯಾಗಿ ಎರಡು ದಪ್ಪ ಕೊಕ್ಕೆಗಳು ಚುಚ್ಚುವಷ್ಟು ಬಲ ಅದರಲ್ಲಿ ಹುಟ್ಟುವುದಿಲ್ಲ. ಕೊಳ್ಳುವಾಗ ರಾಡಿನ ಮೇಲೆ ಮುದ್ರಿಸಿರುವ ಗಾಳದ ತೂಕ ಓದಿ. ಅರ್ಧ ಔನ್ಸ್ ಆ ಮಿತಿಯ ಒಳಗೇ ಇರಬೇಕು.

735ರ ಹಿಡಿಕೆ ಕಂಕುಳಿಗೆ ಸಿಕ್ಕಿಸಿ ಎಳೆಯುವಷ್ಟು ಉದ್ದವಿದೆ, ರೀಲು ಕೂಡಿಸಿದಾಗ ತುದಿ ಭಾರವೆನಿಸುವುದಿಲ್ಲ. ದಿನವಿಡೀ ತುದಿ ಕೆಳಗೆ ಮಾಡಿ ಕಪ್ಪೆ ಆಡಿಸುವವರ ಮಣಿಕಟ್ಟಿಗೆ ಇದು ದೊಡ್ಡ ವಿಷಯ. ಕೊಟ್ಟ ಬೆಲೆಗೆ ಇದು ನ್ಯಾಯವಾದ ರಾಡ್. ಕಯಾಕ್‌ನಲ್ಲಿ ಕೂತು ಹಿಡಿಯುವವರಿಗೆ ಮಾತ್ರ ಉದ್ದದ ಹಿಡಿಕೆ ಹೊಟ್ಟೆಗೆ, ಜಾಕೆಟ್ಟಿಗೆ ತಾಗುತ್ತದೆ. ಅವರು 7 ಅಡಿಯದನ್ನು ನೋಡಲಿ. ಯಾವುದೇ ರಾಡಾದರೂ ಬಳೆಗಳೊಳಗೆ ಹತ್ತಿ ಉಂಡೆಯನ್ನು ಒಮ್ಮೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಸೆರಾಮಿಕ್ ಬಿರುಕು ಬಿಟ್ಟಿದೆ ಎಂದು ಅರ್ಥ, ಆ ಬಿರುಕು 65 ಪೌಂಡಿನ ದಾರವನ್ನೂ ಕೊಯ್ಯುತ್ತದೆ. ಇಂಥ ರಾಡುಗಳು ಮುರಿಯುವುದು ಮೀನು ಎಳೆದಾಗಲ್ಲ. ಮೀನನ್ನು ದೋಣಿಯ ಪಕ್ಕಕ್ಕೆ ತಂದು, ರಾಡನ್ನು ನೆಟ್ಟಗೆ ಮೇಲೆತ್ತಿ, ಕಳೆಯ ಸಮೇತ ಒಳಗೆ ಎತ್ತಿಹಾಕುವಾಗ. ಆಗ ಭಾರವೆಲ್ಲ ತುದಿಯ ಒಂದಡಿಯ ಮೇಲೆ ಬೀಳುತ್ತದೆ. ಕೊನೆಯಲ್ಲಿ ದಾರ ಹಿಡಿಯಿರಿ, ಇಲ್ಲವೇ ಮೀನಿನ ಕೆಳದವಡೆ ಹಿಡಿದು ಎತ್ತಿ.

ರೀಲ್: ಶಿಮಾನೊ ಕುರಾಡೊ 200ಕೆ. ಈ ಮಾದರಿ 6.2, 7.4, 8.5 ಎಂಬ ಮೂರು ಗೇರ್ ಅನುಪಾತಗಳಲ್ಲಿ ಬಂದಿತು. ಹಿಡಿಯ ಒಂದು ಸುತ್ತಿಗೆ ಕ್ರಮವಾಗಿ 26, 31, 36 ಇಂಚು ದಾರ ಒಳಬರುತ್ತದೆ. ಕಳೆಗೆ ನಮ್ಮ ಆಯ್ಕೆ 7.4. ಮೀನು ಕಚ್ಚಿದಾಗ ಸಡಿಲ ದಾರವನ್ನು ಬೇಗ ಎಳೆದುಕೊಳ್ಳಲು ವೇಗ ಬೇಕು ನಿಜ, ಆದರೆ 8.5ರಲ್ಲಿ ಕಳೆ ತುಂಬಿದ ಮೀನನ್ನು ಸುತ್ತುವಾಗ ಹಿಡಿ ಭಾರವಾಗಿ ನಿಂತೇಬಿಡುತ್ತದೆ. 6.2 ಬಲಶಾಲಿ, ಆದರೆ ನಿಮ್ಮ ಕಡೆಗೇ ಓಡಿಬರುವ ಮೀನಿನ ದಾರ ಸಡಿಲವಾಗಿಬಿಡುತ್ತದೆ. 50 ಪೌಂಡಿನ ಪವರ್‌ಪ್ರೊ 120 ಗಜ ಹಿಡಿಸುತ್ತದೆ, 65ರದು ಎಂಬತ್ತು ತೊಂಬತ್ತು ಗಜ. ಮೂವತ್ತು ಮೀಟರ್ ಎಸೆಯುವವರಿಗೆ ಅದು ಧಾರಾಳವಾಯಿತು.

ಕುರಾಡೊದ ಗೇರುಗಳು ನುಣುಪು, ಮೈ ಚಿಕ್ಕದು, ಅಂಗೈಯಲ್ಲಿ ಕೂರುತ್ತದೆ. ಕೊರತೆ ಡ್ರ್ಯಾಗಿನಲ್ಲಿದೆ: ಗರಿಷ್ಠ 11 ಪೌಂಡ್, ಅಂದರೆ 5 ಕಿಲೋ. ಕಪ್ಪೆಗೆ ಇದು ಸಾಲುತ್ತದೆ, ಆದರೆ ಪೂರ್ತಿ ಬಿಗಿ ಮಾಡಿಕೊಂಡೇ ಹಿಡಿಯಬೇಕು. ಎಳೆಯುವ ಹೊತ್ತಿಗೆ ಹೆಬ್ಬೆರಳು ಸ್ಪೂಲಿನ ಮೇಲೆ ಒತ್ತಿರಲಿ. ಡ್ರ್ಯಾಗ್ ಒಂದಡಿ ಬಿಟ್ಟುಕೊಟ್ಟರೂ ಆ ಒಂದಡಿಯಲ್ಲಿ ಮೀನು ಬುಡಕ್ಕೆ ಇಳಿದಿರುತ್ತದೆ. ಹಿಡಿ ಕೂಡ ಇನ್ನೊಂದು ಸೆಂಟಿಮೀಟರ್ ಉದ್ದವಿದ್ದರೆ ಚೆನ್ನಾಗಿತ್ತು. ಬ್ರೇಡ್ ತೂಗುವುದು ಕಡಿಮೆಯಾದ್ದರಿಂದ ಸ್ಪೂಲು ಚುರುಕಾಗಿ ತಿರುಗುತ್ತದೆ. ಎಸೆತದಲ್ಲಿ ಸ್ಪೂಲಿನ ವೇಗ ತಡೆಯುವ ಹೊರಗಿನ ಬ್ರೇಕ್ ತಿರುಗಣೆಯನ್ನು ಮೊದಲು 4ರಲ್ಲಿಟ್ಟು, ಕೈ ಕುದುರಿದ ಮೇಲೆ 2ಕ್ಕೆ ಇಳಿಸಿ.

ಈ ಮೂರೂ ಸೇರಿದ ಸೆಟ್ ಹಾಸಿನ ಮೇಲೆ ಕಪ್ಪೆ ಆಡಿಸುವುದಕ್ಕೆ. ಹಾಸನ್ನು ತೂತು ಮಾಡಿ ಕೆಳಗಿಳಿಸುವ ಪಂಚಿಂಗ್‌ಗೆ ಇದನ್ನೇ ಬಳಸುತ್ತೇವೆ ಎನ್ನುವವರನ್ನು ನಾವು ಬೇಡವೆನ್ನುತ್ತೇವೆ. ಅಲ್ಲಿ 1ರಿಂದ 2 ಔನ್ಸಿನ ಟಂಗ್‌ಸ್ಟನ್ ಗುಂಡು, ದಪ್ಪ ತಂತಿಯ 4/0 ಅಳತೆಯ ನೇರ ಕೊಕ್ಕೆ, ಗುಂಡು ಜಾರದಂತೆ ರಬ್ಬರ್ ತಡೆ, ಎಲ್ಲವೂ ಭಾರ. ಅದಕ್ಕೆ 7 ಅಡಿ 6 ಇಂಚಿನಿಂದ 8 ಅಡಿಯ ಎಕ್ಸ್‌ಟ್ರಾ ಹೆವಿ ರಾಡ್, ಇನ್ನೂ ಹೆಚ್ಚು ಡ್ರ್ಯಾಗ್ ಇರುವ ರೀಲು ಬೇಕು. ಗಂಟು ಸ್ನೆಲ್, ಅಂದರೆ ಕೊಕ್ಕೆಯ ದಂಡಿಗೆ ದಾರ ಸುತ್ತಿ ಹಾಕುವುದು. ಎಳೆದಾಗ ಗುಂಡು ಗಂಟಿಗೆ ತಾಗಿ ಕೊಕ್ಕೆ ಹೊರಕ್ಕೆ ತಿರುಗಿ ಮೇಲ್ದವಡೆಗೆ ಚುಚ್ಚುತ್ತದೆ. ಕೊಕ್ಕೆಯ ಕಣ್ಣು ಬೆಸೆದಿರಬೇಕು. ಸಂದಿ ಇದ್ದರೆ ಬ್ರೇಡ್ ಅದರೊಳಗಿಂದ ನುಸುಳಿ ಹೊರಬರುತ್ತದೆ.

ಸಿಕ್ಕಿಕೊಂಡ ಗಾಳ ಬಿಡಿಸುವಾಗ ದಾರವನ್ನು ಕೈಗೆ ಸುತ್ತಿ ಎಳೆಯಬೇಡಿ, ಬೆರಳಿನ ಮಾಂಸ ಕೊಯ್ದುಬಿಡುತ್ತದೆ. ಒಂದು ಮರದ ತುಂಡಿಗೆ ಸುತ್ತಿ, ರಾಡನ್ನು ದಾರದ ನೇರಕ್ಕೆ ಹಿಡಿದು ಎಳೆಯಿರಿ. ಕತ್ತರಿಸಿದ ದಾರದ ಚೂರೂ ನೀರಿಗೆ ಬೀಳದಿರಲಿ. ಅದು ಕೊಳೆಯುವುದಿಲ್ಲ, ಹಾಸಿನ ಮೇಲೆ ನಡೆಯುವ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಇದೇ ಸೆಟ್ ನಮ್ಮ ಕೊರಮೀನಿಗೂ ಆಗುತ್ತದೆ. ಕೊರಮೀನಿನ ಬಳಗದ, ಏಷ್ಯಾದ ದೊಡ್ಡ ಜಾತಿಯ ಮುರಲ್ ಒಂದು 2000ದಲ್ಲಿ ಫ್ಲಾರಿಡಾದ ಕಾಲುವೆಗಳಲ್ಲಿ ಕಾಣಿಸಿಕೊಂಡು ನೆಲೆಯೂರಿದೆ, ಅಲ್ಲಿನವರು ಬಾಸ್ ಕಪ್ಪೆಯಲ್ಲೇ ಅದನ್ನು ಹಿಡಿಯುತ್ತಾರೆ. ಪರವಾನಗಿಯಿಲ್ಲದೆ ಅದನ್ನು ಅಲ್ಲಿ ಜೀವಂತ ಇಟ್ಟುಕೊಳ್ಳುವಂತಿಲ್ಲ. ಕರ್ನಾಟಕದ ಕೆರೆಗಳಲ್ಲಿ ಹಿಡಿಯುವವರು ಕುರಾಡೊದಷ್ಟು ಖರ್ಚು ಮಾಡಬೇಕಾಗಿಲ್ಲ. 4000 ಅಳತೆಯ ಸ್ಪಿನ್ನಿಂಗ್ ರೀಲು, 7 ಅಡಿಯ ಹೆವಿ ರಾಡ್, 40 ಪೌಂಡಿನ ಬ್ರೇಡ್ ಸಾಕು. ಸ್ಪಿನ್ನಿಂಗ್ ರೀಲಿನಿಂದ 65 ಪೌಂಡಿನದು ಸಲೀಸಾಗಿ ಹೊರಬರುವುದಿಲ್ಲ. ಬಾಸ್‌ಗೆ ಇಲ್ಲದಂಥ ಚೂಪು ಹಲ್ಲು ಕೊರಮೀನಿಗಿದೆ, ಹಾಗಾಗಿ ಪ್ರತಿ ಮೀನಿನ ಬಳಿಕ ಗಂಟಿನ ಮೇಲಿನ ಒಂದಡಿ ದಾರ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಮಳೆಗಾಲದಲ್ಲಿ ನೀರಿನ ಮೇಲೆ ಮರಿಗಳ ಗುಂಪು ಗುಳುಗುಳು ಏಳುತ್ತಿರುವುದು ಕಂಡರೆ ಅಲ್ಲಿಗೆ ಗಾಳ ಎಸೆಯಬೇಡಿ. ಕೆಳಗೆ ಕಾಯುತ್ತಿರುವ ತಾಯಿ ತಂದೆ ಮೀನನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲಾಗುತ್ತವೆ.